ಎಳೆಯ ಮಕ್ಕಳೂ ಮನೆಯ ಸಹಕಾರವೂ

ಮೂರರಿಂದ ಆರು ವರ್ಷದೊಳಗಿನ ಮಕ್ಕಳನ್ನು ಕೂಗಾಡದೆ ಮನೆಯ ನಿತ್ಯದ ನಡೆವಳಿಕೆಗೆ ಹೊಂದಿಸಿಕೊಳ್ಳುವುದು ಹೇಗೆಂಬುದನ್ನು ಈ ದಿನ ನಾವು ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಘನವಾದ ಶಾಸ್ತ್ರವಿಷಯಗಳನ್ನು ಕೇಳಿ ಅಭ್ಯಾಸವಾದವರಿಗೆ ಇದು ಅಲ್ಪವಿಷಯವೆಂದು ತೋರಬಹುದು. ಆದರೆ ಬೆಳಗಿನ ಏಳೂವರೆಯಿಂದ ಒಂಬತ್ತರೊಳಗೆ ಧಾರವಾಡದ ಮಾಳಮಡ್ಡಿಯಲ್ಲಾಗಲಿ, ಹುಬ್ಬಳ್ಳಿಯ ಕೇಶ್ವಾಪುರದಲ್ಲಾಗಲಿ, ಯಾವುದಾದರೊಂದು ಓಣಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದವರಿಗೆ ವಿಷಯದ ತೂಕವು ತಾನಾಗಿ ತಿಳಿಯುತ್ತದೆ. ಒಂದು ಮನೆಯಿಂದ “ಏ, ಎಷ್ಟ ಸರ್ತೆ ಹೇಳಬೇಕೋ ನಿನಗ!” ಎಂಬ ಧ್ವನಿ, ಅದರ ನೆರೆಮನೆಯಿಂದ “ಶಾಲೀ ಗಾಡಿ ಬಂತು, ಬೂಟು ಎಲ್ಲಿ ಒಗದೀ?” ಎಂಬ ಆರ್ಭಟ, ಮೂರನೆಯ ಮನೆಯಿಂದ ಅಳು. ಅಳುವವರು ಒಮ್ಮೊಮ್ಮೆ ಮಕ್ಕಳು, ಒಮ್ಮೊಮ್ಮೆ ತಾಯಂದಿರು. ಇಷ್ಟೆಲ್ಲ ಆದಮೇಲೆ ಮಗುವು ಗಾಡಿಯನ್ನೇರಿ ಹೋಗುತ್ತದೆ; ಮನೆಯಲ್ಲಿ ಉಳಿದವರಿಗೆ ಗೆದ್ದೆವೆಂಬ ಸಮಾಧಾನವಿಲ್ಲ, ಸೋತೆವೆಂಬ ಬೇಸರವಿದೆ.

ನಮ್ಮ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ನಮ್ಮ ಮೊಮ್ಮಗನು ನಾಲ್ಕು ವರ್ಷದವನಾಗಿದ್ದಾಗ ಅವನನ್ನು ಒಂದು ಸಂಜೆ ಧಾರವಾಡದ ಜುಬಿಲಿ ಸರ್ಕಲ್ಲಿನ ಕಡೆಗೆ ಕರೆದುಕೊಂಡು ಹೋಗಿದ್ದೆವು. ಬಲೂನು ಮಾರುವವನೊಬ್ಬನು ರಸ್ತೆಯ ಆಚೆ ನಿಂತಿದ್ದನು. ಹುಡುಗನು ನಮ್ಮ ಕೈ ಕೊಸರಿಕೊಂಡು ರಸ್ತೆಗೆ ಓಡಿದನು. “ನಿಲ್ಲೋ!” ಎಂದು ನಾವು ಕಂಠ ಬಿರಿಯುವಂತೆ ಕೂಗಿದೆವು. ಅವನು ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ದಾರಿಯ ಅಂಚಿನಲ್ಲಿ ಹೂ ಮಾರುತ್ತ ಕುಳಿತಿದ್ದ ಹೆಣ್ಣುಮಗಳೊಬ್ಬಳು ಕುಳಿತಲ್ಲಿಂದಲೇ ಕೈಚಾಚಿ ಅವನ ಅಂಗಿಯನ್ನು ಹಿಡಿದೆಳೆದುದರಿಂದ ಅವನು ಉಳಿದನು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಅವನು ಏಕೆ ನಿಲ್ಲಲಿಲ್ಲವೆಂದು ಯೋಚಿಸುತ್ತ ಹೋದಂತೆ ಉತ್ತರವು ನಮ್ಮ ಮನೆಯಲ್ಲಿಯೇ ಸಿಕ್ಕಿತು. ಹಲ್ಲು ತಿಕ್ಕುವುದಕ್ಕೂ ನಾವು ಅದೇ ಧ್ವನಿಯಲ್ಲಿ ಕೂಗುತ್ತಿದ್ದೆವು. ಹಾಲು ಕುಡಿಯುವುದಕ್ಕೂ ಅದೇ ಧ್ವನಿ. ಚಪ್ಪಲಿಯನ್ನು ಮೂಲೆಗಿಡುವುದಕ್ಕೂ ಅದೇ ಧ್ವನಿ. ದಿನಕ್ಕೆ ಇಪ್ಪತ್ತು ಸಲ ಕೇಳಿದ ಧ್ವನಿಯು ಇಪ್ಪತ್ತೊಂದನೆಯ ಸಲ ಪ್ರಾಣದ ಮೇಲೆ ಬಂದಾಗ ಅದರಲ್ಲಿ ವಿಶೇಷವೇನೂ ಆ ಹುಡುಗನಿಗೆ ಕೇಳಿಸಲಿಲ್ಲ. ಕೂಗೆಂಬುದು ಆಪತ್ಕಾಲಕ್ಕೆಂದು ಕೂಡಿಟ್ಟ ಹಣದಂತೆ. ಅದನ್ನು ದಿನಸಿ ಅಂಗಡಿಯಲ್ಲಿ ಖರ್ಚು ಮಾಡಿದವನ ಕೈಯಲ್ಲಿ ಆಪತ್ತು ಬಂದಾಗ ಏನೂ ಉಳಿದಿರುವುದಿಲ್ಲ.

ಈ ಸಂಗತಿಯಿಂದ ನಾವು ತಿಳಿದುಕೊಂಡುದನ್ನೂ, ಬಲ್ಲವರು ಪರೀಕ್ಷಿಸಿ ಹೇಳಿರುವುದನ್ನೂ ಕೂಡಿಸಿ ಇಲ್ಲಿ ಕ್ರಮವಾಗಿ ಹೇಳುತ್ತೇವೆ.

ಮೊದಲನೆಯದಾಗಿ, ಎಳೆಯ ಮಗುವಿನ ಮನಸ್ಸು ಆಜ್ಞೆಯನ್ನು ಹೇಗೆ ಸ್ವೀಕರಿಸುತ್ತದೆಂಬುದನ್ನು ನೋಡೋಣ. ರಷ್ಯಾ ದೇಶದ ಪ್ರಸಿದ್ಧ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಅವರು ಒಂದು ಸರಳವಾದ ಪರೀಕ್ಷೆಯನ್ನು ಮಾಡಿದರು. ಮಗುವಿನ ಕೈಗೆ ಒಂದು ರಬ್ಬರಿನ ಬುರುಡೆಯನ್ನು ಕೊಟ್ಟು, ದೀಪ ಹತ್ತಿದಾಗ ಅದನ್ನು ಒತ್ತಬೇಕೆಂದೂ, ಬೇರೆ ಬಣ್ಣದ ದೀಪ ಹತ್ತಿದಾಗ ಒತ್ತಬಾರದೆಂದೂ ಹೇಳುವುದು. “ಒತ್ತು” ಎಂಬ ಮಾತು ಎಳೆಯ ಮಕ್ಕಳಿಗೆ ಬೇಗ ನಾಟಿತು. “ಒತ್ತಬೇಡ” ಎಂಬುದನ್ನು ನಡೆಸುವುದು ಅವರಿಂದ ಆಗಲಿಲ್ಲ. ಬೇಡವೆಂದ ಮಾತೇ ಅವರ ಕೈಯನ್ನು ಚಲಿಸುವಂತೆ ಮಾಡಿತು. ಕೈಯನ್ನು ಚಲಿಸುವ ಶಕ್ತಿಯು ಮೊದಲು ಬರುತ್ತದೆ, ಚಲಿಸುತ್ತಿರುವ ಕೈಯನ್ನು ತಡೆಯುವ ಶಕ್ತಿಯು ತಡವಾಗಿ ಬರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ತಡೆಯುವ ಕೆಲಸವನ್ನು ಮಾಡತಕ್ಕ ಮೆದುಳಿನ ಮುಂಭಾಗವು ಇಪ್ಪತ್ತು ವರ್ಷ ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆಂದು ಈಗಿನ ಶಾಸ್ತ್ರಜ್ಞರು ಹೇಳುತ್ತಾರೆ. ಹಾಗಿರುವಲ್ಲಿ ನಾಲ್ಕು ವರ್ಷದ ಮಗುವಿನ ವಿಷಯದಲ್ಲಿ ಏನು ಹೇಳುವುದು!

ಲೂರಿಯಾ ಅವರ ಈ ಮಾತನ್ನು ಹಿಡಿದು 1983ರಲ್ಲಿ ಅಮೆರಿಕದ ಎಲಿ ಸಾಲ್ಟ್ಸ್ ಮತ್ತು ಅವರ ಸಂಗಡಿಗರು ಮುಂದಿನ ಪ್ರಶ್ನೆಯನ್ನು ಪರೀಕ್ಷಿಸಿದರು. ಬೇಡವೆಂಬ ಆಜ್ಞೆಯನ್ನು ಗಟ್ಟಿಯಾಗಿ ಹೇಳಿದರೆ ಏನಾಗುತ್ತದೆ? ಎಳೆಯ ಮಕ್ಕಳಲ್ಲಿ ಧ್ವನಿ ಏರಿದಷ್ಟೂ ಬೇಡವೆಂದ ಕೆಲಸವನ್ನೇ ಮಾಡಿಬಿಡುವುದು ಹೆಚ್ಚಾಯಿತೆಂದು ಅವರು ಕಂಡರು. ಮಗುವು ಮಾತಿನ ಅರ್ಥಕ್ಕಿಂತ ಮೊದಲು ಅದರ ಬಲವನ್ನು ಕೇಳುತ್ತದೆ. ಹಾಲಿನ ಲೋಟ ಹಿಡಿದ ಮಗುವಿಗೆ “ಚೆಲ್ಲಬ್ಯಾಡಾ!” ಎಂದು ಕೂಗಿದೊಡನೆ ಹಾಲು ನೆಲದ ಪಾಲಾಗುವುದನ್ನು ಪ್ರತಿಯೊಬ್ಬ ತಾಯಿಯೂ ಕಂಡಿದ್ದಾಳೆ. ಅದನ್ನು ನಾವು ಮಗುವಿನ ಹಟವೆನ್ನುತ್ತೇವೆ. ಅದು ಹಟವಲ್ಲ, ನಮ್ಮ ಧ್ವನಿಯ ಹೊಡೆತ.

ಹಾಗಾದರೆ ಕೂಗಿದಾಗ ಮಕ್ಕಳು ಎಷ್ಟೋ ಸಲ ಕೆಲಸ ಮಾಡುತ್ತಾರಲ್ಲ, ಎಂದು ಕೇಳುವವರುಂಟು. ಮಾಡುತ್ತಾರೆ, ನಿಜ, ತೊಡಕು ಅಲ್ಲಿಯೇ ಇದೆ. ಮೊದಲನೆಯ ಸಲ ಮೆಲ್ಲಗೆ ಹೇಳುತ್ತೇವೆ. ಮಗುವು ಆಡುತ್ತಲೇ ಇರುತ್ತದೆ. ಎರಡನೆಯ, ಮೂರನೆಯ ಸಲವೂ ಅಡುಗೆಮನೆಯಿಂದಲೇ ಹೇಳುತ್ತೇವೆ, ಏನೂ ಆಗುವುದಿಲ್ಲ. ನಾಲ್ಕನೆಯ ಸಲ ಕೂಗುತ್ತೇವೆ. ಮಗುವು ಎದ್ದು ಬರುತ್ತದೆ. ಇದರಿಂದ ನಾವು ಕಲಿಯುವುದೇನೆಂದರೆ, ಕೂಗಿದರೆ ಕೆಲಸವಾಗುತ್ತದೆಂಬುದು. ಮಗುವು ಕಲಿಯುವುದೇನೆಂದರೆ, ಮೊದಲ ಮೂರು ಮಾತುಗಳು ನಿಜವಾದ ಮಾತುಗಳಲ್ಲವೆಂಬುದು. ಇನ್ನೊಂದು ದಿನ ನಾವು ದಣಿದಿರುತ್ತೇವೆ; ಮಗುವು ಚೀರಾಡಿ ನೆಲಕ್ಕೆ ಬೀಳುತ್ತದೆ; “ಹೋಗ್ಲಿ ಬಿಡು” ಎಂದು ಅದು ಕೇಳಿದ್ದನ್ನು ಕೊಟ್ಟುಬಿಡುತ್ತೇವೆ. ಆಗ ಚೀರಿದರೆ ಕೆಲಸವಾಗುತ್ತದೆಂಬುದನ್ನು ಮಗುವೂ ಕಲಿಯುತ್ತದೆ. ಅಮೆರಿಕದ ಗೆರಾಲ್ಡ್ ಪ್ಯಾಟರ್ಸನ್ ಅವರು ಬಹುಕಾಲ ಕುಟುಂಬಗಳನ್ನು ಅವುಗಳ ಮನೆಗಳಲ್ಲಿಯೇ ಗಮನಿಸಿ, ಹಿರಿಯರೂ ಕಿರಿಯರೂ ಹೀಗೆ ಒಬ್ಬರನ್ನೊಬ್ಬರು ಬಲವಂತಕ್ಕೆ ಪಳಗಿಸುತ್ತ ಹೋಗುವ ಈ ಚಕ್ರವನ್ನು 1982ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಚಕ್ರವು ಒಮ್ಮೆ ತಿರುಗಲಾರಂಭಿಸಿದರೆ ಎರಡೂ ಕಡೆಯ ಧ್ವನಿಗಳು ವರ್ಷದಿಂದ ವರ್ಷಕ್ಕೆ ಏರುತ್ತವೆಯೇ ಹೊರತು ಇಳಿಯುವುದಿಲ್ಲ.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ” ಎಂಬ ಗಾದೆಯನ್ನು ಮಕ್ಕಳನ್ನು ಗದರಿಸುವವರು ತಮ್ಮ ಪಕ್ಷಕ್ಕೆ ಸಾಕ್ಷಿಯಾಗಿ ಕರೆಯುವುದುಂಟು. ಗಾದೆಯು ಸತ್ಯವಾದುದೇ. ಆದರೆ ಎಳೆಯ ಗಿಡವನ್ನು ಬಗ್ಗಿಸುವ ತೋಟಗಾರನು ಅದರ ಮೇಲೆ ಕೂಗುವುದಿಲ್ಲ. ಹತ್ತಿರ ಕೂಡುತ್ತಾನೆ, ಒಂದು ಕೋಲನ್ನು ಆಸರೆಗೆ ನೆಡುತ್ತಾನೆ, ಮೆತ್ತಗಿನ ದಾರದಿಂದ ಕಟ್ಟುತ್ತಾನೆ, ಮರುದಿನ ಬಂದು ನೋಡುತ್ತಾನೆ. ನಮ್ಮ ಹಿಂದಿನ ಗಾವಠಿ ಶಾಲೆಗಳಲ್ಲಿ ಹುಡುಗರನ್ನು ಕೋದಂಡಕ್ಕೆ ಹಾಕುವ ಶಿಕ್ಷೆಯಿತ್ತು. ಅದರ ಕಥೆಗಳನ್ನು ಹಳಬರಿಂದ ನಾವು ಕೇಳಿದ್ದೇವೆ. ಅಂಥ ಶಿಕ್ಷೆಯನ್ನು ಇಂದು ಕಾನೂನು ಒಪ್ಪುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯದೆಯ 17ನೆಯ ಕಲಮು ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಾಸ್ತರರಿಗೆ ಸಲ್ಲದ ಮಾತು ಮನೆಯ ಹಿರಿಯರಿಗೆ ಹೇಗೆ ಸಲ್ಲುತ್ತದೆಂಬುದನ್ನು ನಾವೇ ವಿಚಾರಿಸಿಕೊಳ್ಳತಕ್ಕದ್ದು.

ಇಲ್ಲಿ ಒಂದು ಶಬ್ದದ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಮಗೆ ಮಕ್ಕಳಿಂದ ಬೇಕಾದುದು ವಿಧೇಯತೆಯೋ ಸಹಕಾರವೋ? ಸಹಕಾರವೆಂಬ ಶಬ್ದವು ಧಾರವಾಡ ಸೀಮೆಯವರಿಗೆ ಹೊಸದಲ್ಲ. ಭಾರತದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾದುದು ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ, ಇಂದು ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿತು. ಅದನ್ನು ಸ್ಥಾಪಿಸಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಸಹಕಾರ ಸಂಘದ ಮರ್ಮವೇನು? ಒಬ್ಬೊಬ್ಬ ಸದಸ್ಯನಿಗೂ ಅದರಲ್ಲಿ ತನ್ನದೆಂಬ ಒಂದು ಪಾಲು ಇರುತ್ತದೆ, ತನ್ನದೊಂದು ಮಾತಿಗೆ ಬೆಲೆಯಿರುತ್ತದೆ, ಎಲ್ಲರಿಗೂ ತಿಳಿದ ನಿಯಮವಿರುತ್ತದೆ. ಪಾಲಿಲ್ಲದವನಿಂದ ಸಹಕಾರವನ್ನು ಕೇಳುವುದು ನ್ಯಾಯವಲ್ಲ. ಮನೆಯೆಂಬ ಸಂಘದಲ್ಲಿ ಅತಿ ಕಿರಿಯ ಸದಸ್ಯನಿಗೂ ಒಂದು ಸಣ್ಣ ಪಾಲನ್ನೂ, ಒಂದು ಸಣ್ಣ ಮಾತನ್ನೂ, ತಿಳಿಯುವಂಥ ನಿಯಮವನ್ನೂ ಕೊಟ್ಟರೆ ಕೂಗಿನ ಅವಶ್ಯಕತೆಯು ಬಹುಮಟ್ಟಿಗೆ ತಪ್ಪುತ್ತದೆಂಬುದು ನಮ್ಮ ಪ್ರತಿಪಾದ್ಯ. ಇದನ್ನು ನಡೆಸುವ ಬಗೆಯನ್ನು ಮುಂದೆ ಹೇಳುತ್ತೇವೆ.

ಮೊದಲು ಹತ್ತಿರ ಹೋಗಬೇಕು. ಅಡುಗೆಮನೆಯಿಂದ ಪಡಸಾಲೆಗೆ ಎಸೆದ ಮಾತು ನಡುಮನೆಯಲ್ಲಿಯೇ ಬಿದ್ದುಹೋಗುತ್ತದೆ. ಆಟದಲ್ಲಿ ಮುಳುಗಿದ ಮಗುವಿಗೆ ಹೊರಗಿನ ಮಾತು ಕೇಳಿಸುವುದೇ ಕಡಿಮೆ. ನಾಲ್ಕು ಸಲ ಕೂಗುವ ಶ್ರಮಕ್ಕಿಂತ ಹತ್ತು ಹೆಜ್ಜೆ ನಡೆಯುವ ಶ್ರಮವು ಕಡಿಮೆಯೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಹತ್ತಿರ ಹೋಗಿ, ಮಗುವಿನ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತು, ಹೆಸರು ಹಿಡಿದು ಕರೆದು, ಅದು ನಮ್ಮ ಮುಖವನ್ನು ನೋಡಿದ ಮೇಲೆ ಮಾತನಾಡತಕ್ಕದ್ದು. ಒಂದು ಸಲಕ್ಕೆ ಒಂದೇ ಮಾತು. “ಹಲ್ಲ ತಿಕ್ಕೋ, ಮಾರಿ ತೊಳಕೋ, ಅಂಗಿ ಹಾಕ್ಕೋ, ಹಾಲ ಕುಡಿ” ಎಂದು ಒಂದೇ ಉಸಿರಿಗೆ ಹೇಳಿದರೆ ಮೊದಲ ಮೂರು ಮರೆತುಹೋಗಿ ಕೊನೆಯದು ಮಾತ್ರ ಉಳಿಯುತ್ತದೆ; ಕೆಲವು ಸಲ ಅದೂ ಉಳಿಯುವುದಿಲ್ಲ.

ಎರಡನೆಯದಾಗಿ, ಮಾಡಬಾರದುದನ್ನು ಹೇಳುವ ಬದಲು ಮಾಡಬೇಕಾದುದನ್ನು ಹೇಳಬೇಕು. ಮೇಲೆ ಹೇಳಿದ ಪರೀಕ್ಷೆಗಳ ಫಲವು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. “ಓಡಬ್ಯಾಡ” ಎಂಬುದಕ್ಕಿಂತ “ನನ್ನ ಕೈ ಹಿಡಕೊಂಡು ನಡಿ” ಎಂಬುದು ಮಗುವಿನ ಕಾಲಿಗೆ ಒಂದು ಕೆಲಸವನ್ನು ಕೊಡುತ್ತದೆ. “ಒದರಬ್ಯಾಡ” ಎಂಬುದಕ್ಕಿಂತ “ಸಣ್ಣ ದನೀಲೆ ಹೇಳು, ಕೇಳ್ತೀನಿ” ಎಂಬುದು ದಾರಿಯನ್ನು ತೋರಿಸುತ್ತದೆ. ಹೀಗೆಯೇ, ನಿಜವಾಗಿ ಆಯ್ಕೆಯಿಲ್ಲದ ಕಡೆ ಪ್ರಶ್ನೆಯನ್ನು ಕೇಳಬಾರದು. ನಮ್ಮ ಕಡೆಯ ಮಾತಿನಲ್ಲಿ ಅಕ್ಕರೆಯು ಹೆಚ್ಚಾದುದರಿಂದ “ಜಳಕಾ ಮಾಡೋಣೇನಪಾ?” ಎಂದು ಕೇಳುವುದು ರೂಢಿ. ಮಗುವು ಪ್ರಾಮಾಣಿಕವಾಗಿ “ಒಲ್ಲೆ” ಎನ್ನುತ್ತದೆ. ಕೇಳಿದವರು ನಾವು, ಉತ್ತರ ಕೊಟ್ಟುದಕ್ಕೆ ಸಿಟ್ಟಾಗುವವರೂ ನಾವೇ. “ಜಳಕದ ಹೊತ್ತಾತು, ಬಾ” ಎಂದು ಮೆಲ್ಲನೆ ಆದರೆ ನಿಶ್ಚಯವಾಗಿ ಹೇಳಿದರೆ ಈ ಜಗಳವೇ ಹುಟ್ಟುವುದಿಲ್ಲ.

ಮೂರನೆಯದಾಗಿ, ಸಣ್ಣದೊಂದು ಆಯ್ಕೆಯನ್ನು ನಿಜವಾಗಿ ಕೊಡಬೇಕು. ಜಳಕ ಮಾಡಬೇಕೇ ಬೇಡವೇ ಎಂಬುದು ಮಗುವಿನ ಆಯ್ಕೆಯಲ್ಲ. ಆದರೆ “ಮೊದಲ ತಲಿಗೆ ನೀರ ಹಾಕೋಣೋ, ಕಾಲಿಗೆ ಹಾಕೋಣೋ?” ಎಂಬುದು ಅದರ ಆಯ್ಕೆಯಾಗಬಹುದು. ಕೆಂಪಂಗಿಯೋ ಹಳದಿಯಂಗಿಯೋ, ಉಪ್ಪಿಟ್ಟನ್ನು ಚಮಚದಿಂದಲೋ ಕೈಯಿಂದಲೋ ಎಂಬುದನ್ನು ಅದೇ ತೀರ್ಮಾನಿಸಲಿ. ಎರಡೂ ನಮಗೆ ಒಪ್ಪಿಗೆಯಾದವುಗಳಾಗಿದ್ದರೆ ಸಾಕು. ಇದು ಸಂಘದಲ್ಲಿ ಅದಕ್ಕಿರುವ ಮತ. ಕೊಟ್ಟ ಮೇಲೆ ಅದನ್ನು ಗೌರವಿಸಬೇಕು. ಹಳದಿಯಂಗಿಯನ್ನು ಆರಿಸಿದ ಮಗುವಿಗೆ “ಅದು ಚಂದಿಲ್ಲ” ಎಂದು ಕೆಂಪನ್ನು ತೊಡಿಸುವವರು ಮರುದಿನ ಮತವನ್ನು ಕೇಳಲು ಹೋಗಬಾರದು.

ನಾಲ್ಕನೆಯದಾಗಿ, ಆಟವನ್ನು ನಿಲ್ಲಿಸುವ ಮೊದಲು ಸೂಚನೆಯನ್ನು ಕೊಡಬೇಕು. ದೊಡ್ಡವರಾದ ನಮ್ಮನ್ನು ಯಾರಾದರೂ ಓದುತ್ತಿದ್ದ ಪುಸ್ತಕದಿಂದ ಒಮ್ಮೆಲೇ ಎಬ್ಬಿಸಿದರೆ ನಮಗೆ ಸಿಟ್ಟು ಬರುತ್ತದೆ. ಮಗುವಿನ ಆಟವೂ ಅದಕ್ಕೆ ಅಂಥದೇ ಕೆಲಸ. ಪಂಚಮಿಯ ಜೋಕಾಲಿಯಿಂದ ಮಗುವನ್ನು ಇಳಿಸಬೇಕಾದರೆ “ಇನ್ನ ಐದ ನಿಮಿಷ” ಎಂದರೆ ಪ್ರಯೋಜನವಿಲ್ಲ. ನಿಮಿಷವೆಂದರೇನೆಂಬುದು ಅದಕ್ಕೆ ತಿಳಿಯದು. “ಇನ್ನ ಹತ್ತ ಸರ್ತೆ ಜೀಕು, ಆಮ್ಯಾಲೆ ಇಳಿ” ಎಂದು ಹೇಳಿ, ಅದರ ಜೊತೆಗೆ ಒಂದು ಎರಡು ಎಂದು ಎಣಿಸಿದರೆ ಹತ್ತಾಗುವಷ್ಟರಲ್ಲಿ ಮನಸ್ಸು ಇಳಿಯಲು ಸಿದ್ಧವಾಗಿರುತ್ತದೆ. ಇದರಂತೆಯೇ ದಿನದ ಕೆಲಸಗಳಿಗೆ ಒಂದು ಕ್ರಮವಿರಬೇಕು. ಎದ್ದೊಡನೆ ಹಲ್ಲು, ಆಮೇಲೆ ಹಾಲು, ಆಮೇಲೆ ಜಳಕ ಎಂದು ದಿನವೂ ಒಂದೇ ಕ್ರಮವು ನಡೆದರೆ ಕೆಲವು ವಾರಗಳಲ್ಲಿ ಆಜ್ಞೆಯನ್ನು ನೀಡುವ ಕೆಲಸವನ್ನು ಆ ಕ್ರಮವೇ ಮಾಡುತ್ತದೆ. ಆಗ ಒಲ್ಲೆನೆನ್ನುವುದಕ್ಕೆ ಎದುರಿಗೆ ಯಾರೂ ಇರುವುದಿಲ್ಲ.

ಐದನೆಯದಾಗಿ, ಮಗುವಿಗೆ ಕೆಲಸದಲ್ಲಿ ಪಾಲನ್ನು ಕೊಡಬೇಕು. ರೊಟ್ಟಿ ಬಡಿಯುವಾಗ ಸೆರಗು ಹಿಡಿದು ಕಾಡುವ ಮಗುವಿಗೆ ಒಂದು ಸಣ್ಣ ಹಿಟ್ಟಿನ ಉಂಡೆಯನ್ನು ಕೊಟ್ಟು ಒಂದು ರೊಟ್ಟಿಯನ್ನು ಬಡಿಯಲು ಹೇಳುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಉಪಾಯ. ಆ ರೊಟ್ಟಿಯು ಯಾವ ದೇಶದ ನಕ್ಷೆಯಂತಾದರೂ ಇರಲಿ, ಅದನ್ನು ಬೇಯಿಸಿ ಅದರ ತಟ್ಟೆಗೆ ಹಾಕಿದರೆ ಊಟಕ್ಕೆ ಕರೆಯುವ ಕಷ್ಟ ಉಳಿಯುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಒಂದು ಕ್ಷಣ ಕೂಡದ ಮಕ್ಕಳು ಜಿಗುಟು ಮಣ್ಣಿನ ಮುಂದೆ ಗಂಟೆಗಟ್ಟಲೆ ಕುಳಿತು ಎತ್ತಿಗೆ ಕೊಂಬು ಕೂಡಿಸುವುದನ್ನು ನೋಡಿದವರು, ನಮ್ಮ ಮಕ್ಕಳಿಗೆ ಏಕಾಗ್ರತೆಯಿಲ್ಲವೆಂದು ಹೇಳಲಾರರು. ಕೈಗೆ ತಕ್ಕ ಕೆಲಸವೂ ತನ್ನದೆಂಬ ಭಾವನೆಯೂ ಕೂಡಿದಲ್ಲಿ ಏಕಾಗ್ರತೆಯು ತಾನಾಗಿ ಬರುತ್ತದೆ. ಮಕ್ಕಳ ಕೆಲಸವು ನಿಧಾನ, ಅದರಿಂದ ನಮಗೆ ಕೆಲಸ ಹೆಚ್ಚಾಗುತ್ತದೆ ಎಂಬುದು ನಿಜ. ಅದು ಸಂಘಕ್ಕೆ ನಾವು ಮೊದಲು ಹಾಕಬೇಕಾದ ಬಂಡವಾಳ.

ಮೆಲುದನಿಗೆ ಮಕ್ಕಳು ಕಿವಿಗೊಡುತ್ತಾರೆಯೇ ಎಂದು ಸಂಶಯ ಪಡುವವರಿಗೆ ಮೇರಿಯಾ ಮಾಂಟೆಸ್ಸೋರಿ ಅವರ ಅನುಭವವನ್ನು ಹೇಳಬಹುದು. ರೋಮ್ ನಗರದ ಬಡವರ ಬೀದಿಯಲ್ಲಿ 1907ರಲ್ಲಿ ಮೊದಲ ಮಕ್ಕಳ ಮನೆಯನ್ನು ತೆರೆದ ಈ ವೈದ್ಯೆಯು 1939ರಲ್ಲಿ ಮದರಾಸಿನ ಅಡಿಯಾರಿಗೆ ಬಂದು, ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದು, ನೂರಾರು ಶಿಕ್ಷಕರನ್ನು ತರಬೇತುಗೊಳಿಸಿದರು. ಅವರ ಶಾಲೆಯಲ್ಲಿ ಮೌನದ ಆಟವೆಂಬುದೊಂದಿತ್ತು. ಮಕ್ಕಳೆಲ್ಲರೂ ಅಲುಗಾಡದೆ ಕೂಡುವರು. ಶಿಕ್ಷಕಿಯು ಪಕ್ಕದ ಕೋಣೆಗೆ ಹೋಗಿ ಒಬ್ಬೊಬ್ಬರ ಹೆಸರನ್ನೂ ಪಿಸುದನಿಯಲ್ಲಿ ಕರೆಯುವರು. ಹೆಸರು ಕೇಳಿದ ಮಗುವು ಸದ್ದಾಗದಂತೆ ನಡೆದು ಬರುವುದು. ಕೂಗಿಗೆ ಬಾರದ ಮಕ್ಕಳು ಪಿಸುಮಾತಿಗೆ ತುದಿಗಾಲಿನಲ್ಲಿ ಬಂದರು. ಮೆಲ್ಲಗಿನ ಧ್ವನಿಯನ್ನು ಹಿಡಿಯಬೇಕಾದರೆ ಕೇಳುವವನು ತಾನು ಸುಮ್ಮನಾಗಬೇಕಾಗುತ್ತದೆ. ಗಟ್ಟಿಯಾದ ಧ್ವನಿಯು ಅವನಿಂದ ಆ ಶ್ರಮವನ್ನು ಕೇಳುವುದಿಲ್ಲ.

ಹಾಗೆಂದು ಇದು ಮೊದಲ ದಿನವೇ ಕೈಗೂಡುವ ಮಂತ್ರವಲ್ಲ. ಗುಜರಾತಿನ ಗಿಜುಭಾಯಿ ಬಧೇಕಾ ಅವರು ವಕೀಲಿಯನ್ನು ಬಿಟ್ಟು ಮಕ್ಕಳ ಶಿಕ್ಷಣಕ್ಕೆ ಬಂದವರು. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ಸ್ಥಾಪಿಸಿದ ಇವರನ್ನು ಜನರು ಮೀಸೆಯುಳ್ಳ ತಾಯಿಯೆಂದು ಪ್ರೀತಿಯಿಂದ ಕರೆದರು. ಅವರ ‘ದಿವಾಸ್ವಪ್ನ’ವೆಂಬ ಪುಸ್ತಕದ ಶಿಕ್ಷಕನು ಹೊಸ ತರಗತಿಯಲ್ಲಿ ಮೊದಲ ದಿನ ಇದೇ ಮೌನದ ಆಟವನ್ನು ಆಡಿಸಲು ಹೋಗಿ, ಹುಡುಗರ ಗದ್ದಲದ ಮುಂದೆ ಸಂಪೂರ್ಣವಾಗಿ ಸೋಲುತ್ತಾನೆ. ಮರುದಿನ ಅವನು ಕಥೆಯನ್ನು ಹೇಳಲಾರಂಭಿಸುತ್ತಾನೆ. ಹುಡುಗರು ಸದ್ದಿಲ್ಲದೆ ಕೂಡುತ್ತಾರೆ. ಕೂಗಿಗೆ ಒಗ್ಗಿದ ಮಕ್ಕಳು ಮೆಲುದನಿಯನ್ನು ಮೊದಲಲ್ಲಿ ದುರ್ಬಲತೆಯೆಂದೇ ತಿಳಿಯುತ್ತಾರೆ. ನಮ್ಮ ಮೊಮ್ಮಗನೂ ಹಾಗೆಯೇ ತಿಳಿದನು. ಮೊದಲ ಹತ್ತು ದಿನ ಮನೆಯಲ್ಲಿ ಯಾವ ಕೆಲಸವೂ ಹೊತ್ತಿಗೆ ಸರಿಯಾಗಿ ಆಗಲಿಲ್ಲವೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಮೂರನೆಯ ವಾರದಲ್ಲಿ ಒಂದು ದಿನ, ಹತ್ತಿರ ಹೋಗಿ ಕುಳಿತೊಡನೆ ಆಟದ ಸಾಮಾನನ್ನು ಕೆಳಗಿಟ್ಟು “ಏನ ಅಜ್ಜಾ?” ಎಂದು ಕೇಳಿದನು. ಮಾತು ತಲುಪುತ್ತದೆಂಬ ಧೈರ್ಯವು ನಮಗೆ ಅಂದು ಬಂದಿತು.

ಮೆಲುದನಿಯೆಂದರೆ ಬಿಗಿಯಿಲ್ಲದ ಮಾತೆಂದು ತಿಳಿಯಬಾರದು. ಮಗುವು ಅತ್ತರೂ ಹೊರಳಾಡಿದರೂ ಆಗದ ಮಾತು ಆಗದು. “ನಿನಗ ಇನ್ನೂ ಆಡಬೇಕಂತೈತಿ, ಸಿಟ್ಟ ಬಂದೈತಿ, ನನಗ ಗೊತ್ತೈತಿ, ಆದ್ರ ಈಗ ಮನಿಗೆ ಹೋಗೂದೇ” ಎಂದು ಅದರ ಸಂಕಟವನ್ನು ಒಪ್ಪಿಕೊಂಡು, ನಿಯಮವನ್ನು ಸಡಿಲಿಸದೆ, ಅಳು ಮುಗಿಯುವವರೆಗೆ ಬಳಿಯಲ್ಲಿ ಕೂಡಬೇಕು. ಅಳುವ ಮಗುವಿಗೆ ಉಪದೇಶವು ಹತ್ತುವುದಿಲ್ಲ. ಅದನ್ನು ಆಮೇಲೆ ಹೇಳಬಹುದು. ಅಳು ಹೆಚ್ಚಾದಾಗ ಹಸಿವೋ ನಿದ್ರೆಯೋ ಎಂಬುದನ್ನು ಮೊದಲು ನೋಡತಕ್ಕದ್ದು. ಕೈಗೆ ಮೊಬೈಲನ್ನು ಕೊಟ್ಟು ಬಾಯಿ ಮುಚ್ಚಿಸುವವರು ಮೇಲೆ ಹೇಳಿದ ಚಕ್ರವನ್ನು ತಾವೇ ತಿರುಗಿಸಿದಂತಾಗುತ್ತದೆ. ಗುಮ್ಮ ಬಂತು, ಪೋಲೀಸರು ಹಿಡಿದುಕೊಂಡು ಹೋಗುತ್ತಾರೆ, ಡಾಕ್ಟರರ ಕಡೆಯಿಂದ ಸೂಜಿ ಚುಚ್ಚಿಸುತ್ತೇವೆ ಎಂದು ಹೆದರಿಸುವುದು ಇನ್ನೂ ಕೆಟ್ಟದ್ದು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವು ಸಹಾಯಕ್ಕೆ ಹೋಗಬೇಕಾದುದು ಪೋಲೀಸನ ಬಳಿಗೆ. ಜ್ವರ ಬಂದಾಗ ಕೈಯೊಡ್ಡಬೇಕಾದುದು ಡಾಕ್ಟರರ ಮುಂದೆ. ಅವರನ್ನೇ ಭೂತಗಳನ್ನಾಗಿ ಮಾಡಿಟ್ಟರೆ ಮಗುವು ಎಲ್ಲಿಗೆ ಹೋಗಬೇಕು?

ಇಷ್ಟು ಹೇಳಿದ ಮೇಲೂ ಕೆಲವು ಮಕ್ಕಳು ಎಷ್ಟು ಹತ್ತಿರದಿಂದ ಕರೆದರೂ ತಿರುಗಿ ನೋಡುವುದಿಲ್ಲ. ಅಂಥವರನ್ನು ಹಟಮಾರಿಗಳೆಂದು ನಿಶ್ಚಯಿಸುವ ಮೊದಲು ಕಿವಿಯನ್ನು ಪರೀಕ್ಷೆ ಮಾಡಿಸಬೇಕು. ನೆಗಡಿಯಿಂದ ಕಿವಿ ಕಟ್ಟಿದ ಮಕ್ಕಳಿಗೆ ಒಂದು ದಿನ ಕೇಳಿಸಿ ಒಂದು ದಿನ ಕೇಳಿಸದಿರುವುದೂ ಉಂಟು. ಮಕ್ಕಳ ಇಂಥ ಕೊರತೆಗಳನ್ನು ಬೇಗ ಗುರುತಿಸುವುದಕ್ಕಾಗಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡಗಳು ಅಂಗನವಾಡಿಗಳಿಗೂ ಸರಕಾರಿ ಶಾಲೆಗಳಿಗೂ ಬಂದು ತಪಾಸಣೆ ಮಾಡುತ್ತವೆ. ಮಾತು ತಡವಾದ, ಮುಖ ನೋಡದ ಮಕ್ಕಳನ್ನೂ ಬಲ್ಲವರಿಗೆ ತೋರಿಸುವುದರಲ್ಲಿ ಸಂಕೋಚ ಪಡಬಾರದು. ಕೇಳಿಸದ ಕಿವಿಯ ಮೇಲೆ ಕೂಗಿದ ಪಾಪವು ಆಮೇಲೆ ತಾಯ್ತಂದೆಗಳನ್ನು ಬಹಳ ಕಾಡುತ್ತದೆ.

ಇನ್ನು ಕೂಗುವವರ ಪಕ್ಷದಿಂದಲೂ ಎರಡು ಮಾತುಗಳನ್ನು ಹೇಳದಿದ್ದರೆ ಅನ್ಯಾಯವಾದೀತು. ಮನೆಗಳಲ್ಲಿ ಕೂಗುವವರು ಹೆಚ್ಚಾಗಿ ತಾಯಂದಿರೆಂದು ಜನರು ಆಡಿಕೊಳ್ಳುತ್ತಾರೆ. ಬೆಳಗಿನ ಒಂದೂವರೆ ಗಂಟೆಯಲ್ಲಿ ಆ ತಾಯಿಯು ನೀರು ಕಾಯಿಸಿ, ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಅತ್ತೆಮಾವಂದಿರಿಗೆ ಚಹಾ ಕೊಟ್ಟು, ಮಗುವನ್ನು ಸಿದ್ಧಗೊಳಿಸಿ, ತಾನೂ ಕೆಲಸಕ್ಕೆ ಹೊರಡಬೇಕಾಗಿರುತ್ತದೆ. ಅದೇ ಹೊತ್ತಿನಲ್ಲಿ ಮನೆಯ ಗಂಡಸರು ಪತ್ರಿಕೆಯನ್ನೋ ಮೊಬೈಲನ್ನೋ ನೋಡುತ್ತ, “ಆ ಹುಡುಗನ್ನ ಯಾಕ ಅಷ್ಟ ಒದರ್ತೀ?” ಎಂದು ಬುದ್ಧಿ ಹೇಳುತ್ತಾರೆ. ನಾವೂ ಹಾಗೆ ಹೇಳಿದವರೇ. ಹತ್ತಿರ ಹೋಗಿ ಕುಳಿತು ಮಾತನಾಡಲು ಒಬ್ಬರಿಗೆ ಪುರುಸೊತ್ತಾದರೂ ಬೇಕಲ್ಲವೇ? ಮಗುವಿನಿಂದ ಸಹಕಾರವನ್ನು ಬಯಸುವ ಮನೆಯಲ್ಲಿ ದೊಡ್ಡವರ ಸಹಕಾರವು ಮೊದಲು ನಡೆಯಬೇಕು. ಹುಡುಗನ ಜಳಕವನ್ನೂ ಬೂಟನ್ನೂ ನಾವು ವಹಿಸಿಕೊಂಡ ದಿನದಿಂದ ನಮ್ಮ ಸೊಸೆಯ ಧ್ವನಿಯು ಅರ್ಧಕ್ಕಿಳಿಯಿತು. ಅದಕ್ಕೆ ಯಾವ ಶಾಸ್ತ್ರವನ್ನೂ ಆಕೆಗೆ ಬೋಧಿಸಬೇಕಾಗಲಿಲ್ಲ. ಜೊತೆಗೆ, ಅವ್ವ ಒಂದು, ಅಜ್ಜ ಒಂದು ಹೇಳದಂತೆ ದೊಡ್ಡವರು ಮೊದಲೇ ಮಾತಾಡಿಕೊಂಡಿರಬೇಕು.

ಎಷ್ಟು ಜಾಗರೂಕರಾಗಿದ್ದರೂ ಒಮ್ಮೊಮ್ಮೆ ಧ್ವನಿ ಏರಿಯೇ ಏರುತ್ತದೆ. ಆಗ ಏನು ಮಾಡಬೇಕು? ಸಿಟ್ಟು ಇಳಿದ ಮೇಲೆ ಮಗುವಿನ ಬಳಿಗೆ ಹೋಗಿ, “ನಾ ಜೋರಾಗಿ ಒದರಿದೆ, ಅದು ತಪ್ಪಾತು, ಬೂಟು ಮಾತ್ರ ಮೂಲ್ಯಾಗ ಇಡಬೇಕು” ಎಂದು ಹೇಳತಕ್ಕದ್ದು. ಹಿರಿಯರು ಕಿರಿಯರ ಮುಂದೆ ತಪ್ಪನ್ನು ಒಪ್ಪಿಕೊಂಡರೆ ಗೌರವ ಹೋಗುತ್ತದೆಂಬ ಭಯವು ನಮಗೂ ಇತ್ತು. ಆದರೆ ಹಾಗೆ ಆಗಲಿಲ್ಲ. ಕೆಲವು ತಿಂಗಳ ಮೇಲೆ ಹುಡುಗನು ನಮ್ಮ ಕನ್ನಡಕವನ್ನು ತುಳಿದು ಮುರಿದನು. ಅದನ್ನು ಬಚ್ಚಿಡದೆ ಎರಡು ತುಂಡುಗಳನ್ನೂ ಕೈಯಲ್ಲಿ ಹಿಡಿದುಕೊಂಡು ಬಂದು “ತಪ್ಪಾತು ಅಜ್ಜಾ” ಎಂದನು. ಕೂಗಿಗೆ ಹೆದರುವ ಮಗುವು ಮುರಿದ ಕನ್ನಡಕವನ್ನು ಹಾಸಿಗೆಯ ಕೆಳಗೆ ತಳ್ಳುತ್ತದೆ. ಇಂದು ಕನ್ನಡಕವನ್ನು ಬಚ್ಚಿಡುವ ಮಗುವು ನಾಳೆ ದೊಡ್ಡದಾದಾಗ, ಯಾರಾದರೂ ತನಗೆ ಮಾಡಿದ ಕೇಡನ್ನೂ ನಮ್ಮಿಂದ ಬಚ್ಚಿಡಬಹುದು. ಎಳೆತನದಲ್ಲಿ ನಾವು ಉಳಿಸಿಕೊಳ್ಳಬೇಕಾದುದು ಮುಖ್ಯವಾಗಿ ಈ ವಿಶ್ವಾಸವನ್ನೇ.

ಕೂಗನ್ನು ಮನೆಯಿಂದ ಸಂಪೂರ್ಣವಾಗಿ ಹೊರಗಟ್ಟಬೇಕೆಂದು ನಾವು ಹೇಳುವುದಿಲ್ಲ. ಬೆಂಕಿ, ಬಾವಿ, ಬಸ್ಸು ಈ ಮೂರಕ್ಕಾಗಿ ಅದನ್ನು ಕೂಡಿಡಬೇಕು. ಹುಬ್ಬಳ್ಳಿ-ಧಾರವಾಡಗಳ ನಡುವಿನ ರಸ್ತೆಯಲ್ಲಿ ಚಿಗರಿ ಬಸ್ಸುಗಳು ಹೆಸರಿಗೆ ತಕ್ಕ ವೇಗದಿಂದ ಓಡುತ್ತಿರುವಾಗ ಆ ಒಂದು ಕೂಗಿನ ಬೆಲೆಯು ಬಹಳ ದೊಡ್ಡದು. ಕಳೆದ ದಸರೆಯಲ್ಲಿ ಅದೇ ಜುಬಿಲಿ ಸರ್ಕಲ್ಲಿನಲ್ಲಿ ಹುಡುಗನ ಕೈಯಿಂದ ಚೆಂಡು ಜಾರಿ ರಸ್ತೆಗೆ ಉರುಳಿತು. ಅವನು ಒಂದು ಹೆಜ್ಜೆ ಇಟ್ಟಿದ್ದನು. “ನಿಲ್ಲು!” ಎಂದೆವು. ಎಷ್ಟೋ ತಿಂಗಳುಗಳಿಂದ ಅವನು ಆ ಧ್ವನಿಯನ್ನು ಕೇಳಿರಲಿಲ್ಲ. ಅವನು ನಿಂತನು. ಚೆಂಡು ಗಾಲಿಗೆ ಸಿಕ್ಕಿ ಒಡೆಯಿತು. ಅವನು ಅತ್ತನು, ನಾವು ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತೆವು.